ಹೊಸ ಬಡಾವಣೆಗೆ ನೀರು: ಹಳೆಯ ಪೈಪಿಗೆ ಜೋಡಣೆಯೇ, ಹೊಸ ಟಾಕಿಯೇ, ಕೊಳವೆಬಾವಿಯೇ?

ಕಲಬುರಗಿಯ ರಿಂಗ್ ರಸ್ತೆ ದಾಟಿದರೆ ಸಾಕು, ತೊಗರಿ ಹೊಲಗಳ ನಡುವೆ ಕಲ್ಲು ನೆಟ್ಟು ಗುರುತಿಸಿದ ನಿವೇಶನಗಳು ಕಾಣಿಸುತ್ತವೆ. ಮೊದಲು ಮನೆ ಏಳುತ್ತದೆ, ಆಮೇಲೆ ವಿದ್ಯುತ್ ಬರುತ್ತದೆ, ನೀರಿನ ಮಾತು ಎಲ್ಲಕ್ಕಿಂತ ಕೊನೆಗೆ. ಆಗ ಸಭೆಯಲ್ಲಿ ಯಾರಾದರೊಬ್ಬರು ಹೇಳುತ್ತಾರೆ: ‘ಹತ್ತಿರದ ಪೈಪಿಗೆ ಜೋಡಿಸಿ ಒಂದು ಲೈನ್ ಎಳೆದುಬಿಡಿ.’ ಕೆಲವು ಕಡೆ ಆ ಮಾತು ಸರಿ. ಇನ್ನು ಕೆಲವು ಕಡೆ ಅದೇ ಮಾತು ಹೊಸ ಓಣಿಗೂ ನೀರು ಕೊಡದೆ, ಹಳೆಯ ಓಣಿಯ ನೀರನ್ನೂ ಕಸಿದುಕೊಳ್ಳುತ್ತದೆ. ಯಾವುದು ಎಲ್ಲಿ ಸರಿ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬಹುದು, ಮತ್ತು ಆ ಲೆಕ್ಕ ಎಂಜಿನಿಯರ್ ಒಬ್ಬರಿಗೇ ಬಿಡುವಷ್ಟು ಕಠಿಣವಲ್ಲ. ಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಯ ಸದಸ್ಯರು ಮತ್ತು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಅಂದಾಜುಪಟ್ಟಿಗೆ ಸಹಿ ಬೀಳುವ ಮೊದಲು ಇದನ್ನು ಕೇಳಿ ತಿಳಿಯಬೇಕು. ಪೈಪ್ ನೆಲದೊಳಗೆ ಹೋದ ಮೇಲೆ ಮೂವತ್ತು ವರ್ಷ ಅದರ ಜೊತೆ ಬಾಳಬೇಕಾದವರು ಅವರೇ.

ಹೋಲಿಕೆಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 400 ಮನೆ, ಮನೆಗೆ ಐದು ಜನ, ಒಟ್ಟು 2,000 ಮಂದಿ. ಒಳಚರಂಡಿ ಇರುವ ಪಟ್ಟಣಕ್ಕೆ ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ಹೇಳುವುದು ತಲೆಗೆ ದಿನಕ್ಕೆ 135 ಲೀಟರ್. ಸೋರಿಕೆಗೆಂದು ಶೇ. 15 ಸೇರಿಸಿದರೆ ದಿನಕ್ಕೆ ಸುಮಾರು 3 ಲಕ್ಷ 10 ಸಾವಿರ ಲೀಟರ್ ಬೇಕು. ಹಳ್ಳಿಯಾದರೆ ಜಲ ಜೀವನ್ ಮಿಷನ್ನಿನ ಅಳತೆ ತಲೆಗೆ 55 ಲೀಟರ್. ನಿಮ್ಮ ಊರಿನ ಅಂಕಿ ಹಾಕಿಕೊಂಡು ಇದೇ ದಾರಿಯಲ್ಲಿ ನಡೆಯಬಹುದು.

ಎಷ್ಟು ಗಂಟೆ ನೀರು ಬಿಡುತ್ತೀರಿ?

ಪೈಪಿನ ಅಳತೆ, ಜಾತಿ, ದರ ಇವೆಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಇದು. ಅಂದಾಜುಪಟ್ಟಿಗಳಲ್ಲಿ ಈ ಸಾಲು ಕಾಣಿಸುವುದೇ ಅಪರೂಪ. ಅದೇ ನನಗೆ ಬೇಸರದ ಸಂಗತಿ, ಏಕೆಂದರೆ ಖರ್ಚಿನ ಅರ್ಧ ಕಥೆ ಇಲ್ಲೇ ಇದೆ.

ದಿನವಿಡೀ ನೀರು ಇದ್ದರೆ ನಮ್ಮ 400 ಮನೆಗಳ ಸರಾಸರಿ ಹರಿವು ಸೆಕೆಂಡಿಗೆ 3.6 ಲೀಟರ್. ಬೆಳಗಿನ ಹೊತ್ತು ಎಲ್ಲರೂ ಒಟ್ಟಿಗೆ ಬಳಸುವುದರಿಂದ 50,000ಕ್ಕಿಂತ ಕಡಿಮೆ ಜನಸಂಖ್ಯೆಗೆ ಇದರ ಮೂರು ಪಟ್ಟು ಹಿಡಿಯಬೇಕು: ಸೆಕೆಂಡಿಗೆ 10.8 ಲೀಟರ್. ಅಷ್ಟೇ ನೀರನ್ನು ದಿನಕ್ಕೆ ನಾಲ್ಕೇ ಗಂಟೆ ಬಿಡುತ್ತೇವೆಂದರೆ ಹರಿವು 21.5 ಲೀಟರಿಗೆ ಏರುತ್ತದೆ. ದಿನ ಬಿಟ್ಟು ದಿನ ನಾಲ್ಕು ಗಂಟೆ ಎಂದರೆ 43 ಲೀಟರ್. ಜನ ಒಂದು ಹನಿಯನ್ನೂ ಹೆಚ್ಚು ಬಳಸಿಲ್ಲ, ಆದರೂ ಪೈಪಿನ ಮೇಲಿನ ಹೊರೆ ನಾಲ್ಕು ಪಟ್ಟಾಯಿತು. ಹರಿವು ಎರಡರಷ್ಟಾದರೆ ಪೈಪಿನ ಗೋಡೆಗೆ ಉಜ್ಜಿ ಕಳೆದುಹೋಗುವ ಒತ್ತಡ ಸುಮಾರು 3.6 ಪಟ್ಟು ಹೆಚ್ಚುತ್ತದೆ. ಎಂದರೆ ಕಡಿಮೆ ಗಂಟೆ ನೀರು ಬಿಡುವ ಊರಿಗೆ ದಪ್ಪ ಪೈಪ್ ಬೇಕು. ಅದರ ಮೇಲೆ ಮನೆಮನೆಗೂ ಸಂಪು, ಮೋಟಾರ್, ಮಾಳಿಗೆಯ ಮೇಲೊಂದು ಸಿಂಟೆಕ್ಸ್. ಈ ಖರ್ಚು ಪಾಲಿಕೆಯ ಲೆಕ್ಕದಲ್ಲಿ ಬರುವುದಿಲ್ಲ, ಜನರ ಜೇಬಿನಿಂದ ಹೋಗುತ್ತದೆ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ವಿಶ್ವ ಬ್ಯಾಂಕ್ ನೆರವಿನಿಂದ 24 ಗಂಟೆಯೂ ನೀರು ಕೊಡುವ ಪ್ರಾತ್ಯಕ್ಷಿಕಾ ವಲಯಗಳು 2008ರ ಹೊತ್ತಿಗೆ ಆರಂಭವಾದವು. ಅಲ್ಲಿ ಹಳೆಯ ಜಾಲಕ್ಕೆ ತೇಪೆ ಹಾಕಲಿಲ್ಲ. ಮನೆಯ ಜೋಡಣೆವರೆಗೂ ಹೊಸ ಪೈಪ್ ಹಾಕಿ, ಮನೆಗೊಂದು ಮೀಟರ್ ಕೂರಿಸಿದರು. ಹೊಸ ಬಡಾವಣೆಗೆ ಇದು ಇನ್ನೂ ಸುಲಭ, ಏಕೆಂದರೆ ಕಿತ್ತು ಹಾಕಬೇಕಾದ ಹಳೆಯ ಪೈಪೇ ಅಲ್ಲಿ ಇಲ್ಲ. ಇಂದು ನಾಲ್ಕು ಗಂಟೆಯಷ್ಟೇ ನೀರು ಸಿಗುತ್ತಿದ್ದರೂ ಮುಂದೆ ದಿನವಿಡೀ ಕೊಡಲು ಆಗುವಂತೆ ಬಡಾವಣೆಯ ಪೈಪ್ ಜಾಲವನ್ನು ಪ್ರತ್ಯೇಕ ವಲಯವಾಗಿ ಬೇರ್ಪಡಿಸಿ ಕಟ್ಟುವುದು ನನ್ನ ಪ್ರಕಾರ ಚರ್ಚೆಗೆ ಬಿಡಬಾರದ ವಿಷಯ. ನೀರಿಲ್ಲದ ಹೊತ್ತಿನಲ್ಲಿ ಖಾಲಿ ಪೈಪ್ ಪಕ್ಕದ ಚರಂಡಿಯ ಕೊಳೆಯನ್ನು ಬಿರುಕುಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಮಕ್ಕಳ ವಾಂತಿಭೇದಿಯ ಖರ್ಚನ್ನು ಯಾವ ಅಂದಾಜುಪಟ್ಟಿಯೂ ಬರೆದುಕೊಳ್ಳುವುದಿಲ್ಲ.

ಹಳೆಯ ಪೈಪಿನ ಕೊನೆಗೆ ಜೋಡಿಸುವುದು

ಕೈಗೆ ಹತ್ತಿರದ ದಾರಿ ಇದು. ನಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಒಂದು ಒತ್ತಡದ ಗೇಜ್ ಸಾಕು. ಜೋಡಣೆ ಮಾಡಬೇಕಾದ ಜಾಗದ ಪಕ್ಕದ ಮನೆಯ ನಳಕ್ಕೆ ಅದನ್ನು ತಿರುಗಿಸಿ ಕೂರಿಸಿ, ನೀರು ಬಿಟ್ಟ ಅರ್ಧ ಗಂಟೆಯ ನಂತರ, ಎಲ್ಲರೂ ಕೊಡ ತುಂಬಿಸುತ್ತಿರುವ ಹೊತ್ತಿನಲ್ಲಿ ಓದಬೇಕು. ಪ್ಲಂಬರ್‌ಗಳು ‘ಒಂದು ಕೆ.ಜಿ.’ ಎನ್ನುವುದು 10 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಓದುವುದು ಏಪ್ರಿಲ್-ಮೇ ತಿಂಗಳಿನಲ್ಲಿ ಆಗಬೇಕು. ಮಳೆಗಾಲದ ಓದನ್ನು ನಂಬಿ ಹಾಕಿದ ಲೈನ್ ಬೇಸಿಗೆಯಲ್ಲಿ ಕೈ ಕೊಡುತ್ತದೆ.

ಎರಡು ಅಂತಸ್ತಿನ ಮನೆಗೆ ಕೊನೆಯ ನಳದಲ್ಲಿ ಕನಿಷ್ಠ 12 ಮೀಟರ್ ಉಳಿಯಬೇಕು. ಒಂದೇ ಅಂತಸ್ತಾದರೆ 7 ಮೀಟರ್. ಜೋಡಣೆಯ ಜಾಗದಲ್ಲಿ 25 ಮೀಟರ್ ಸಿಕ್ಕಿತೆನ್ನಿ. ನೆಲ ಸಮತಟ್ಟಾಗಿದ್ದರೆ ದಾರಿಯಲ್ಲಿ ಕಳೆದುಕೊಳ್ಳಲು ನಮಗಿರುವುದು 13 ಮೀಟರ್. ಬಡಾವಣೆಗೆ ದೂರ ಒಂದೂವರೆ ಕಿಲೋಮೀಟರ್. ಸೆಕೆಂಡಿಗೆ 10.8 ಲೀಟರ್ ಹರಿದಾಗ 100 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಸುಮಾರು 29 ಮೀಟರ್ ಒತ್ತಡ ಕರಗುತ್ತದೆ, 125ರಲ್ಲಿ ಸುಮಾರು 10, 150ರಲ್ಲಿ 4. ಮೊದಲನೆಯದು ನಪಾಸು. ಎರಡನೆಯದು ಮೂರು ಮೀಟರ್ ಅಂತರದಲ್ಲಿ ಪಾಸಾಗುತ್ತದೆ. ಇನ್ನು ನೀರನ್ನು ನಾಲ್ಕೇ ಗಂಟೆ ಬಿಟ್ಟರೆ 125ರ ಪೈಪಿನಲ್ಲಿ 35 ಮೀಟರ್, 150ರಲ್ಲೂ 14 ಮೀಟರ್ ಹೋಗುತ್ತದೆ. ಆಗ ಮೂರೂ ನಪಾಸು. ಗಂಟೆಯ ಪ್ರಶ್ನೆಯನ್ನು ಮೊದಲು ಕೇಳಬೇಕೆಂದು ಹಟ ಹಿಡಿದದ್ದು ಇದಕ್ಕೇ.

ಇಲ್ಲಿ ಅಳತೆಯ ಹೆಸರಿನಲ್ಲೇ ಒಂದು ಮೋಸವಿದೆ, ಎಚ್ಚರಿಕೆ ಬೇಕು. ಎಚ್‌ಡಿಪಿಇ ಮತ್ತು ಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳನ್ನು ಹೊರವ್ಯಾಸದಿಂದ ಕರೆಯುತ್ತಾರೆ. 110 ಮಿ.ಮೀ. ಎಂದು ಬರೆದ ಎಚ್‌ಡಿಪಿಇ ಪೈಪಿನ ಒಳಗೆ ನೀರಿಗೆ ಸಿಗುವ ದಾರಿ ಗೋಡೆಯ ದಪ್ಪದ ಪ್ರಕಾರ 100ರ ಆಸುಪಾಸು. ಡಿಐ (ಡಕ್ಟೈಲ್ ಕಬ್ಬಿಣ) ಪೈಪಿನ ಹೆಸರು ಒಳ ಅಳತೆಗೆ ಹತ್ತಿರ. ಎರಡು ಜಾತಿಯ ದರವನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಒಳವ್ಯಾಸಕ್ಕೆ ಒಳವ್ಯಾಸವನ್ನೇ ಹೋಲಿಸಬೇಕು.

ಜೋಡಣೆಯ ದಾರಿಗೆ ಇನ್ನೊಂದು ಬೆಲೆ ಇದೆ. ಹೊಸ ಲೈನ್ ಎಳೆದುಕೊಂಡಷ್ಟೂ ಹಳೆಯ ಓಣಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ಓಣಿಯಲ್ಲಿ ಯಾರೋ ಒಬ್ಬರು ನಳಕ್ಕೆ ನೇರವಾಗಿ ಮೋಟಾರ್ ಹಚ್ಚುತ್ತಾರೆ, ಅದನ್ನು ನೋಡಿ ಪಕ್ಕದವರೂ ಹಚ್ಚುತ್ತಾರೆ, ಕೊನೆಗೆ ಮೋಟಾರ್ ಕೊಳ್ಳಲಾಗದ ಮನೆಯ ನಳ ಒಣಗುತ್ತದೆ. ಆದ್ದರಿಂದ ಗೇಜ್ ಓದುವಾಗ ಹೊಸ ಬಡಾವಣೆಯನ್ನಷ್ಟೇ ನೆನೆಯಬೇಡಿ. ಹಳೆಯ ಲೈನಿನಲ್ಲಿ ಇನ್ನೂ ಸೆಕೆಂಡಿಗೆ 11 ಲೀಟರ್ ಹೆಚ್ಚುವರಿಯಾಗಿ ಹರಿದರೆ ಅಲ್ಲಿನ ಕೊನೆಯ ಮನೆಗೆ ಏನು ಉಳಿಯುತ್ತದೆ ಎಂಬ ಲೆಕ್ಕವೂ ಬೇಕು. ವಾಲ್ವ್ ತಿರುಗಿಸುವವರನ್ನು ಕೇಳಿದರೆ ಯಾವ ಓಣಿಗೆ ನೀರು ಏರುವುದಿಲ್ಲ, ಯಾವ ವಾಲ್ವ್ ಅರ್ಧಕ್ಕೆ ಸಿಕ್ಕಿಕೊಂಡಿದೆ ಎಂಬುದೆಲ್ಲ ಅವರ ಬಾಯಿಯಲ್ಲಿದೆ. ಅವರನ್ನು ಸಭೆಗೆ ಕರೆಯುವ ಪದ್ಧತಿ ಇಲ್ಲದಿರುವುದು ದೊಡ್ಡ ನಷ್ಟ.

ಸೋರಿಕೆ ಮುಚ್ಚುವುದು

ಹೊಸ ಪೈಪಿನಷ್ಟು ಕಣ್ಣಿಗೆ ಕಾಣದ, ಉದ್ಘಾಟನೆಯ ಕಲ್ಲು ನೆಡಲಾಗದ ಕೆಲಸ ಇದು. ಆದರೆ ಪ್ರತಿ ಲೀಟರಿಗೆ ತಗಲುವ ಖರ್ಚಿನಲ್ಲಿ ಇದನ್ನು ಮೀರಿಸುವ ದಾರಿ ವಿರಳ. ಮೂರು ಮಿಲಿಮೀಟರಿನ ಒಂದು ತೂತು, 20 ಮೀಟರ್ ಒತ್ತಡವಿರುವ ಪೈಪಿನಿಂದ ದಿನವಿಡೀ ಸೋರಿದರೆ ಸುಮಾರು 7,000 ಲೀಟರ್. ಇಂಥ 45 ತೂತುಗಳನ್ನು ಮುಚ್ಚಿದರೆ ನಮ್ಮ 400 ಮನೆಗಳಿಗೆ ಬೇಕಾದ ನೀರು ಸಿಕ್ಕಿತು. ಅದೂ ಎಂಥ ನೀರು? ಭೀಮಾ ನದಿಯಿಂದಲೋ ಬೆಣ್ಣೆತೊರಾದಿಂದಲೋ ಎತ್ತಿ, ಶುದ್ಧೀಕರಿಸಿ, ಕ್ಲೋರಿನ್ ಹಾಕಿ, ವಿದ್ಯುತ್ ಬಿಲ್ ಕಟ್ಟಿ ಊರಿನವರೆಗೆ ತಂದ ನೀರು.

ಸೋರುವ ಜಾಗ ಹೆಚ್ಚಾಗಿ ದೊಡ್ಡ ಪೈಪಿನಲ್ಲಿರುವುದಿಲ್ಲ. ಮುಖ್ಯ ಪೈಪಿನಿಂದ ಮನೆಗೆ ತಿರುಗುವ ಫೆರೂಲ್, ಅಲ್ಲಿಂದ ಚರಂಡಿ ದಾಟಿ ಹೋಗುವ ತುಕ್ಕು ಹಿಡಿದ ಜಿಐ (ಸತು ಲೇಪಿತ ಕಬ್ಬಿಣ) ಪೈಪ್, ಇವೇ ಅದರ ಮನೆ. ಪತ್ತೆಗೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಒಂದು ಟಾಕಿಯ ವಲಯವನ್ನು ಬೇರ್ಪಡಿಸಿ, ಒಳಹರಿವು ನಿಲ್ಲಿಸಿ, ಹೊರಹರಿವಿನ ವಾಲ್ವ್ ತೆರೆದಿಟ್ಟು ರಾತ್ರಿ ಎರಡರಿಂದ ನಾಲ್ಕು ಗಂಟೆಯವರೆಗೆ ನೀರಿನ ಮಟ್ಟ ನೋಡಬೇಕು. 8 ಮೀಟರ್ ವ್ಯಾಸದ ಟಾಕಿಯಲ್ಲಿ ಮಟ್ಟ 10 ಸೆಂಟಿಮೀಟರ್ ಇಳಿದರೆ 5,000 ಲೀಟರ್ ಹೋಯಿತೆಂದು ಲೆಕ್ಕ. ಆ ಹೊತ್ತಿನಲ್ಲಿ ತುಂಬುತ್ತಿರುವ ಸಂಪುಗಳು ಲೆಕ್ಕ ಕೆಡಿಸುತ್ತವೆ, ಹಾಗಾಗಿ ಹಿಂದಿನ ದಿನವೇ ಓಣಿಯವರಿಗೆ ತಿಳಿಸಿ ನಳ ಮುಚ್ಚಿಸಬೇಕು. ರಾತ್ರಿ ಇಳಿಕೆ ಜೋರಾಗಿದ್ದರೆ ಹೊಸ ಲೈನಿನ ಅಂದಾಜುಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಈ ವಲಯದ ಮನೆ ಜೋಡಣೆಗಳನ್ನು ಬದಲಿಸಿ. ಇಳಿಕೆ ಕಡಿಮೆ ಇದ್ದರೆ ಈ ದಾರಿಯಿಂದ ಹೆಚ್ಚು ಗಿಟ್ಟುವುದಿಲ್ಲ, ಮುಂದೆ ಹೋಗಬಹುದು.

ಹೊಸ ಟಾಕಿ, ಹೊಸ ವಲಯ

ಜೋಡಣೆಯ ಜಾಗದಲ್ಲಿ ಒತ್ತಡವಿಲ್ಲ, ಆದರೆ ಮೂಲದಲ್ಲಿ ನೀರಿದೆ ಎಂದಾದರೆ ಟಾಕಿಯೇ ಸರಿ. ದಿನದ ಬೇಡಿಕೆಯ ಮೂರನೇ ಒಂದು ಭಾಗ ಹಿಡಿಯುವಂತೆ ಕಟ್ಟುವುದು ರೂಢಿ. ನಮ್ಮ ಬಡಾವಣೆಗೆ ಒಂದು ಲಕ್ಷ ಲೀಟರ್. ಮೊದಲ ಖರ್ಚು ಜೋಡಣೆಗಿಂತ ಬಹಳ ಹೆಚ್ಚು. ಅದಕ್ಕೆ ಪ್ರತಿಯಾಗಿ ಹಳೆಯ ಓಣಿಗಳಿಗೆ ಏಟು ಬೀಳುವುದಿಲ್ಲ, ವಿದ್ಯುತ್ ಹೋದರೂ ನಳ ನಿಲ್ಲುವುದಿಲ್ಲ, ವಲಯಕ್ಕೆ ಬಂದ ನೀರು ಎಷ್ಟು, ಮೀಟರಿನಲ್ಲಿ ಓಡಿದ್ದು ಎಷ್ಟು ಎಂದು ತಾಳೆ ನೋಡಬಹುದು. ಟಾಕಿ ಬಿಟ್ಟು ಪಂಪಿನಿಂದ ನೇರವಾಗಿ ನಳಗಳಿಗೆ ನೂಕುವ ಪದ್ಧತಿಯನ್ನು ನಾನು ಎಲ್ಲೂ ಸೂಚಿಸುವುದಿಲ್ಲ. ಬೇಸಿಗೆಯ ವಿದ್ಯುತ್ ಕಡಿತದಲ್ಲಿ ಅದು ಊರನ್ನು ಒಣಗಿಸುತ್ತದೆ, ಪಂಪ್ ಚಾಲೂ ಆಗುವಾಗಿನ ಹೊಡೆತಕ್ಕೆ ಪೈಪಿನ ಜೋಡಣೆಗಳು ಬಿಡುತ್ತವೆ.

ಜಿಲ್ಲೆಯಿಂದ ಜಿಲ್ಲೆಗೆ ಇಲ್ಲಿ ಲೆಕ್ಕ ಬದಲಾಗುತ್ತದೆ. ಯಾದಗಿರಿಯ ಕೋಟೆ ಬೆಟ್ಟವನ್ನು ನೋಡಿದವರಿಗೆ ಗೊತ್ತು, ಆ ಕಡೆ ಊರ ಮಗ್ಗುಲಲ್ಲೇ ಕಣಶಿಲೆಯ ಗುಡ್ಡಗಳಿವೆ. ಅಂಥ ಗುಡ್ಡದ ಮೇಲೆ ನೆಲಮಟ್ಟದ ಟಾಕಿ ಕಟ್ಟಿದರೆ ಕಂಬಗಳ ಮೇಲೆ ಎತ್ತುವ ಖರ್ಚೇ ಉಳಿಯಿತು. ಪೈಪ್ ಸ್ವಲ್ಪ ಉದ್ದವಾದರೂ ಲಾಭವೇ. ಕಲಬುರಗಿಯ ಸುತ್ತಲಿನ ಎರೆ ಬಯಲಿನಲ್ಲಿ ಆ ಸೌಕರ್ಯವಿಲ್ಲ, ಕಂಬ ಎತ್ತಲೇಬೇಕು, ಅಡಿಪಾಯವನ್ನು ಕಪ್ಪು ಮಣ್ಣಿನ ಕೆಳಗಿನ ಗಟ್ಟಿ ಪದರದವರೆಗೆ ಒಯ್ಯಲೇಬೇಕು. ಬೀದರ್‌ನಲ್ಲಿ ಊರು ಮುರಕಲ್ಲಿನ ಪ್ರಸ್ಥಭೂಮಿಯ ಮೇಲಿದೆ, ಅಂಚಿನ ಕೆಳಗೆ ಹಳ್ಳಿಗಳಿವೆ. ಮೇಲಿನಿಂದ ಕೆಳಗೆ ಕೊಡುವಾಗ ನೀರು ತಾನಾಗಿ ಇಳಿಯುತ್ತದೆ, ಸಮಸ್ಯೆ ಅತಿ ಒತ್ತಡದ್ದು: 60 ಮೀಟರ್ ಇಳಿದರೆ ಆರು ಕೆ.ಜಿ. ನಡುವೆ ಒತ್ತಡ ಮುರಿಯುವ ತೊಟ್ಟಿಯನ್ನೋ ಒತ್ತಡ ಇಳಿಸುವ ವಾಲ್ವನ್ನೋ ಇಡದಿದ್ದರೆ ಕೆಳಗಿನ ಊರಿನಲ್ಲಿ ಪೈಪ್ ಒಡೆಯುತ್ತಲೇ ಇರುತ್ತದೆ. ಬಹಮನಿಗಳ ಕಾಲದಲ್ಲಿ ನೌಬಾದ್‌ನ ಸುರಂಗ ಬಾವಿಯನ್ನು ತೋಡಿದವರು ಸುಮಾರು ಮೂರು ಕಿಲೋಮೀಟರ್ ದೂರಕ್ಕೆ ನೀರನ್ನು ಬರಿಯ ಇಳಿಜಾರಿನ ಬಲದಿಂದಲೇ ನಡೆಸಿದ್ದರು. ಅದೇ ನೆಲದ ಇಳಿಜಾರನ್ನು ಅಳೆಯದೆ ಪಂಪಿನ ಅಶ್ವಶಕ್ತಿ ಹೆಚ್ಚಿಸುವ ಪ್ರಸ್ತಾವಗಳನ್ನು ಕಂಡಾಗ ನೋವಾಗುತ್ತದೆ.

ಟಾಕಿಯ ಎತ್ತರಕ್ಕೂ ಪೈಪಿನ ವ್ಯಾಸಕ್ಕೂ ನಂಟಿದೆ. ಸಣ್ಣ ಪೈಪ್ ಹಾಕಿ ಉಳಿಸಲು ಹೋದರೆ ಟಾಕಿ ಎತ್ತರವಾಗಬೇಕು. ಹತ್ತು ಮೀಟರ್ ಹೆಚ್ಚು ಎತ್ತಿದರೆ, ಪಂಪಿನ ದಕ್ಷತೆ ಶೇ. 60 ಎಂದು ಹಿಡಿದಾಗ, ನಮ್ಮ ಬಡಾವಣೆಯೊಂದಕ್ಕೇ ವರ್ಷಕ್ಕೆ 5,000 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು, ಟಾಕಿ ನಿಂತಿರುವವರೆಗೂ.

ಕೊಳವೆಬಾವಿ ಮತ್ತು ಬಹುಗ್ರಾಮ ಯೋಜನೆ

ಸೆಕೆಂಡಿಗೆ ಎರಡು ಲೀಟರ್ ಕೊಡುವ ಕೊಳವೆಬಾವಿ ಎಂಟು ಗಂಟೆ ಓಡಿದರೆ 57,600 ಲೀಟರ್. ತಲೆಗೆ 55ರಂತೆ ಸಾವಿರ ಜನರ ಹಳ್ಳಿಗೆ ಸಾಕು. ಮೊದಲ ಖರ್ಚು ಎಲ್ಲಕ್ಕಿಂತ ಕಡಿಮೆ, ತಿಂಗಳೊಪ್ಪತ್ತಿನಲ್ಲಿ ನೀರು ಬರುತ್ತದೆ, ನೀರಗಂಟಿಯೊಬ್ಬರು ನಿಭಾಯಿಸಬಲ್ಲರು. ದೂರದ ತಾಂಡಾಕ್ಕೆ, ಐವತ್ತು ಮನೆಯ ಊರಿಗೆ ಇದೇ ತಕ್ಕದ್ದು. ಆದರೆ ಕಲಬುರಗಿ, ಬೀದರ್ ಭಾಗದ ಬಸಾಲ್ಟ್ ಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮತ್ತು ಶಿಥಿಲಗೊಂಡ ಪದರಗಳಲ್ಲಿ. ಚಳಿಗಾಲದಲ್ಲಿ ಎರಡು ಲೀಟರ್ ಕೊಟ್ಟದ್ದು ಮೇ ತಿಂಗಳಿನಲ್ಲಿ ಅರ್ಧವಾಗುವುದು ಹೊಸದಲ್ಲ. ಇಳುವರಿ ಪರೀಕ್ಷೆಯನ್ನು ಬೇಸಿಗೆಯಲ್ಲೇ ಮಾಡಿಸಬೇಕು. ಫ್ಲೋರೈಡ್ ಪರೀಕ್ಷೆ ಕಡ್ಡಾಯ: ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ಅದನ್ನು ಮೀರಿದರೆ ಎಷ್ಟೇ ಅಗ್ಗವಾದರೂ ಈ ದಾರಿ ಮುಚ್ಚಿತು. ಮಗುವಿನ ಹಲ್ಲಿನ ಮೇಲೆ ಮೂಡಿದ ಕಂದು ಕಲೆ ಜೀವನವಿಡೀ ಹೋಗುವುದಿಲ್ಲ.

ಆಗ ನದಿಯಿಂದ ನೀರು ತರುವ ಬಹುಗ್ರಾಮ ಯೋಜನೆಯ ಪೈಪಿಗೆ ಸೇರುವುದೇ ದಾರಿ. ನೀರಿನ ಗುಣದ ಚಿಂತೆ ಬಹುಪಾಲು ಕಳೆಯುತ್ತದೆ. ಹೊಸ ಚಿಂತೆ ಎಂದರೆ ನಿಮ್ಮ ಊರು ಆ ಪೈಪಿನ ಯಾವ ಭಾಗದಲ್ಲಿದೆ ಎಂಬುದು. ಬುಡದ ಊರುಗಳು ವಾಲ್ವ್ ಪೂರ್ತಿ ತೆರೆದಿಟ್ಟರೆ ಕೊನೆಯ ಊರಿಗೆ ಗಾಳಿ ಮಾತ್ರ ಬರುತ್ತದೆ. ಪ್ರತಿ ಊರಿನ ಟಾಕಿಯ ಬಾಯಿಗೆ ಹರಿವು ನಿಯಂತ್ರಿಸುವ ವಾಲ್ವ್ ಮತ್ತು ಮೀಟರ್ ಇದೆಯೇ ಎಂದು ಕೇಳಿ. ಇಲ್ಲವಾದರೆ ಊರಿನ ಒಳ್ಳೆಯ ಕೊಳವೆಬಾವಿಯನ್ನು ಮುಚ್ಚಬೇಡಿ, ಬಳಕೆಯ ನೀರಿಗೆ ಬೇರೆ ಪೈಪಿನಲ್ಲಿ ಉಳಿಸಿಕೊಳ್ಳಿ. ಟ್ಯಾಂಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರದ ವರ್ಷಕ್ಕೆ ಅದು ಬೇಕು, ಯೋಜನೆಯಾಗಿ ಬೇಡ.

ಯಾವ ನೆಲಕ್ಕೆ ಯಾವ ಪೈಪ್

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಈ ಎಳೆದಾಟಕ್ಕೆ ಮೊದಲು ಸೋಲುವುದು ಗಟ್ಟಿಯಾಗಿ ಅಂಟಿಸಿದ ಜೋಡಣೆ. ಸಲ್ಯೂಷನ್ ಹಾಕಿ ಕೂರಿಸಿದ ಪಿವಿಸಿ ಇಲ್ಲಿ ಅಗ್ಗದಂತೆ ಕಂಡು ದುಬಾರಿಯಾಗುತ್ತದೆ. ಕಾಯಿಸಿ ಬೆಸೆದ ಎಚ್‌ಡಿಪಿಇ ಪೈಪ್ ಮಣ್ಣಿನ ಜೊತೆ ಬಾಗುತ್ತದೆ. ಊರೊಳಗಿನ 110ರಿಂದ 160 ಮಿ.ಮೀ. ವರೆಗಿನ ಲೈನ್‌ಗಳಿಗೆ ಎರೆ ನೆಲದಲ್ಲಿ ನನ್ನ ಮೊದಲ ಆಯ್ಕೆ ಅದೇ. ಆದರೆ ಬೆಸೆಯುವವರು ಪಳಗಿದವರಾಗಿರಬೇಕು, ಯಂತ್ರದ ಉಷ್ಣತೆ ಸರಿಯಿರಬೇಕು. ಕಲಬುರಗಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ರಸ್ತೆ ಬದಿಯಲ್ಲಿ ರಾಶಿ ಹಾಕಿದ ಪ್ಲಾಸ್ಟಿಕ್ ಪೈಪನ್ನು ಒಪ್ಪಿಕೊಳ್ಳಬಾರದು, ಪಿವಿಸಿಯಂತೂ ಪೆಡಸಾಗಿ ಸಣ್ಣ ಏಟಿಗೇ ಸೀಳುತ್ತದೆ. ಪ್ಲಾಸ್ಟಿಕ್ ಪೈಪಿಗೆ ಕಳ್ಳ ಜೋಡಣೆ ಕೊಡುವುದೂ ಸುಲಭ. ಪಂಪಿನಿಂದ ಟಾಕಿಗೆ ನೀರೇರಿಸುವ ದೊಡ್ಡ ವ್ಯಾಸದ ಏರು ಪೈಪಿಗೆ, ರಸ್ತೆ ದಾಟುವ ಕಡೆ ಡಿಐ ಮೇಲು. ರಬ್ಬರ್ ಉಂಗುರದ ಅದರ ಜೋಡಣೆ ಕೆಲವು ಡಿಗ್ರಿ ತಿರುಗಿದರೂ ಸೋರುವುದಿಲ್ಲ. ಎರೆ ಮಣ್ಣಿನಲ್ಲಿ ಕಬ್ಬಿಣ ತಿನ್ನುವ ಗುಣ ಕಂಡುಬಂದರೆ ಡಿಐ ಪೈಪಿಗೆ ಪಾಲಿಥಿನ್ ಹೊದಿಕೆ ಹಾಕಿಸಬೇಕು.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಅಗೆದರೆ ಪದರ ಪದರವಾಗಿ ಸುಣ್ಣಕಲ್ಲಿನ ಹಾಸು ಸಿಗುತ್ತದೆ. ಕಲ್ಲು ಒಡೆಯುವ ದರ ಮಣ್ಣು ಅಗೆಯುವ ದರದ ಹಲವು ಪಟ್ಟು. ಅಂದಾಜುಪಟ್ಟಿಯಲ್ಲಿ ‘ಗಟ್ಟಿ ಬಂಡೆ’ ಎಂದು ತೋರಿಸಿದ ಪ್ರಮಾಣವನ್ನು ನಾಲ್ಕಾರು ಪರೀಕ್ಷಾ ಗುಂಡಿ ತೋಡಿಸಿ ಸರಿನೋಡದೆ ಒಪ್ಪಬಾರದು. ಹಣ ಉಳಿಯುವುದೂ ಸೋರುವುದೂ ಈ ಸಾಲಿನಲ್ಲೇ. ಕಲ್ಲಿನ ಚೂಪು ಅಂಚಿನ ಮೇಲೆ ನೇರವಾಗಿ ಇಟ್ಟ ಪೈಪ್ ಲಾರಿಯ ಭಾರಕ್ಕೆ ಸೀಳುತ್ತದೆ, ಕೆಳಗೆ ಅರ್ಧ ಅಡಿ ಮರಳಿನ ಹಾಸು ಇರಲೇಬೇಕು.

ದಪ್ಪ ಪೈಪ್ ಯಾವಾಗ ಅಗ್ಗ?

ಟೆಂಡರ್ ಮೊತ್ತವನ್ನಷ್ಟೇ ನೋಡಿದರೆ ಸಣ್ಣ ಪೈಪ್ ಯಾವಾಗಲೂ ಗೆಲ್ಲುತ್ತದೆ. ಪಂಪಿನಿಂದ ಟಾಕಿಗೆ ಮೂರು ಕಿಲೋಮೀಟರ್ ಏರು ಪೈಪ್, ದಿನಕ್ಕೆ ಎಂಟು ಗಂಟೆ ಪಂಪಿಂಗ್. ಹರಿವು ಮತ್ತೆ ಸೆಕೆಂಡಿಗೆ 10.8 ಲೀಟರ್. 100 ಮಿ.ಮೀ. ಪೈಪಿನಲ್ಲಿ ಘರ್ಷಣೆಗೇ 57 ಮೀಟರ್ ಹೋಗುತ್ತದೆ, 125ರಲ್ಲಿ 19, 150ರಲ್ಲಿ 8. ನೂರರ ಬದಲು ನೂರೈವತ್ತು ಹಾಕಿದರೆ ವರ್ಷಕ್ಕೆ ಸುಮಾರು 25,000 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿಯೋಣ, ನೀವು ನಿಮ್ಮ ಜೆಸ್ಕಾಂ ವಿದ್ಯುತ್ ಬಿಲ್ಲಿನ ದರ ಹಾಕಿಕೊಳ್ಳಿ; ವರ್ಷಕ್ಕೆ ಒಂದೂವರೆ ಲಕ್ಷ. ಶೇ. 8ರ ಬಡ್ಡಿಯಲ್ಲಿ ಮೂವತ್ತು ವರ್ಷದ ಉಳಿತಾಯಕ್ಕೆ ಇಂದಿನ ಬೆಲೆ ಕಟ್ಟಲು 11.26ರಿಂದ ಗುಣಿಸಬೇಕು: 17 ಲಕ್ಷ ರೂಪಾಯಿ. ಇದನ್ನು ಕಂಡ ಮೇಲೆ ನೂರರ ಪೈಪ್ ಪರವಾಗಿ ವಾದಿಸುವುದು ಕಷ್ಟ.

125 ಮತ್ತು 150ರ ನಡುವೆ ಪೈಪೋಟಿ ಬಿಗಿಯಾಗಿದೆ. ಅಲ್ಲಿ ಉಳಿತಾಯದ ಇಂದಿನ ಬೆಲೆ ಸುಮಾರು 4 ಲಕ್ಷ, ಮೀಟರಿಗೆ 130 ರೂಪಾಯಿ. ಇಲಾಖೆಯ ದರಪಟ್ಟಿಯಲ್ಲಿ ಎರಡರ ವ್ಯತ್ಯಾಸ ಮೀಟರಿಗೆ ಇದಕ್ಕಿಂತ ಕಡಿಮೆಯಿದ್ದರೆ 150, ಹೆಚ್ಚಿದ್ದರೆ 125. ಅಗೆತ, ಮರಳು, ರಸ್ತೆ ಮುಚ್ಚುವುದು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪೈಪಿನ ದರದ ವ್ಯತ್ಯಾಸವನ್ನಷ್ಟೇ ನೋಡಿದರೆ ಸಾಕು.

ಇದಕ್ಕೆ ವಿರುದ್ಧವಾದ ಮಾತನ್ನೂ ಹೇಳಬೇಕು. ಬಡಾವಣೆಯೊಳಗೆ ದಪ್ಪ ಪೈಪ್ ಯಾವಾಗಲೂ ಒಳ್ಳೆಯದಲ್ಲ. 400 ನಿವೇಶನದಲ್ಲಿ ಇಂದು 50 ಮನೆಗಳಷ್ಟೇ ಎದ್ದಿದ್ದರೆ, ಒಂದೂವರೆ ಕಿಲೋಮೀಟರಿನ 150ರ ಪೈಪಿನಲ್ಲಿ ನಿಲ್ಲುವ 26,000 ಲೀಟರ್ ನೀರು ಹೊರಬರಲು ಇಪ್ಪತ್ತು ಗಂಟೆಯ ಹತ್ತಿರ ಬೇಕು. ಬಿಸಿಲಿಗೆ ಕಾದ ನೆಲದಲ್ಲಿ ಅಷ್ಟು ಹೊತ್ತು ನಿಂತ ನೀರಿನಲ್ಲಿ ಕ್ಲೋರಿನ್ ಕಳೆದುಹೋಗುತ್ತದೆ. ಕೊನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಯಬೇಕು. ಹಾಗೆಂದು ಸಣ್ಣ ಪೈಪ್ ಹಾಕಿ ಹತ್ತು ವರ್ಷಕ್ಕೆ ಮತ್ತೆ ಅಗೆಯುವುದು ಬೇಡ. ಮುಖ್ಯ ಪೈಪನ್ನು ಪೂರ್ಣ ಬಡಾವಣೆಗೇ ಹಾಕಿ, ಕೊನೆಯಲ್ಲಿ ತೊಳೆಯುವ ವಾಲ್ವ್ ಇಟ್ಟು ವಾರಕ್ಕೊಮ್ಮೆ ಹರಿಸಿ, ಅಡ್ಡ ಓಣಿಗಳ ಪೈಪನ್ನು ಮನೆ ಎದ್ದಂತೆ ಹಾಕಿ. ಪಂಪನ್ನು ಇಂದಿನ ಅಗತ್ಯಕ್ಕಷ್ಟೇ ಕೊಳ್ಳಿ. ಪೈಪಿನ ಲೆಕ್ಕ 30 ವರ್ಷಕ್ಕಾದರೆ ಪಂಪಿನದು 15ಕ್ಕೆ. ಮುಂದೆ ಬೆಳೆಯುವ ದಿಕ್ಕಿಗೆ ಮುಚ್ಚಳ ಹಾಕಿದ ಒಂದು ‘ಟೀ’ (T ಆಕಾರದ ಕವಲು) ಬಿಟ್ಟರೆ ನಾಳೆ ರಸ್ತೆ ಒಡೆಯುವುದು ತಪ್ಪುತ್ತದೆ.

ಜಾಲದ ಆಕಾರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಚದುರಿದ ಹಳ್ಳಿಗೆ ಕೊಂಬೆಯಂತೆ ಕವಲೊಡೆಯುವ ಜಾಲ ಅಗ್ಗ. ಐಐಟಿ ಬಾಂಬೆಯ ‘ಜಲತಂತ್ರ’ ಎಂಬ ಉಚಿತ ತಂತ್ರಾಂಶ ಇಂಥ ಜಾಲಕ್ಕೆ ಕಡಿಮೆ ಖರ್ಚಿನ ವ್ಯಾಸಗಳನ್ನು ಹುಡುಕಿಕೊಡುತ್ತದೆ. ಅಡ್ಡ ಉದ್ದ ರಸ್ತೆಗಳ ಬಡಾವಣೆಗೆ ಪೈಪಿನ ತುದಿಗಳನ್ನು ಕೂಡಿಸಿ ಸುತ್ತು ಮಾಡುವುದು ಮೇಲು, ಒಂದು ಕಡೆ ದುರಸ್ತಿಗೆ ಮುಚ್ಚಿದರೂ ಇನ್ನೊಂದು ಕಡೆಯಿಂದ ನೀರು ಬರುತ್ತದೆ. ಅದನ್ನು ಪರೀಕ್ಷಿಸಲು ‘ಇಪಾನೆಟ್’ ಎಂಬ ತಂತ್ರಾಂಶವಿದೆ, ಅದೂ ಉಚಿತ. ಎಂಜಿನಿಯರ್ ತಂದ ವಿನ್ಯಾಸದ ಜೊತೆ ಅದರ ಫಲಿತಾಂಶದ ಹಾಳೆಯನ್ನು ಕೇಳಿ, ಕೊನೆಯ ನಳದ ಒತ್ತಡ ಎಷ್ಟೆಂದು ಬೆರಳಿಟ್ಟು ತೋರಿಸಲು ಹೇಳಿ.

ನಮ್ಮ 400 ಮನೆಯ ಬಡಾವಣೆಗೆ ನನ್ನ ತೀರ್ಮಾನ ಹೀಗೆ: ಬೇಸಿಗೆಯ ಗೇಜ್ ಓದು 25 ಮೀಟರ್ ತೋರಿಸಿ, ಹಳೆಯ ಓಣಿಯ ಕೊನೆಯ ಮನೆಗೆ 12 ಮೀಟರ್ ಉಳಿದು, ದಿನವಿಡೀ ನೀರು ಕೊಡಲು ಪಾಲಿಕೆ ಬದ್ಧವಾದರೆ 150 ಮಿ.ಮೀ. ಒಳವ್ಯಾಸದ ಜೋಡಣೆ, ಬಾಯಿಗೊಂದು ಮೀಟರ್. ಈ ಮೂರರಲ್ಲಿ ಒಂದು ತಪ್ಪಿದರೂ ಲಕ್ಷ ಲೀಟರಿನ ಟಾಕಿ, ಪ್ರತ್ಯೇಕ ವಲಯ. ಟಾಕಿಗೆ ಹಣ ಬರುವವರೆಗೆ ಹಳೆಯ ವಲಯದ ಸೋರಿಕೆ ಕೆಲಸ. ಕೊಳವೆಬಾವಿ ಪಟ್ಟಣದಲ್ಲಿ ಆಪತ್ತಿಗಷ್ಟೇ.

ಕೆಲಸ ನಡೆಯುವಾಗ ಒಂದು ದಿನ ಮಾತ್ರ ತಪ್ಪದೆ ಸ್ಥಳದಲ್ಲಿರಿ, ಒತ್ತಡ ಪರೀಕ್ಷೆಯ ದಿನ. ಪರೀಕ್ಷೆಯಾಗುವ ಮೊದಲು ಜೋಡಣೆಗಳ ಮೇಲೆ ಮಣ್ಣು ಮುಚ್ಚಲು ಬಿಡಬಾರದು. ಪೈಪಿನಲ್ಲಿ ನೀರು ತುಂಬಿ, ಗಾಳಿ ಬಿಟ್ಟು, ಕೈಪಂಪಿನಿಂದ ಟೆಂಡರಿನಲ್ಲಿ ಬರೆದ ಒತ್ತಡಕ್ಕೆ ಏರಿಸಿ, ನಿಗದಿತ ಹೊತ್ತು ಗೇಜಿನ ಮುಳ್ಳು ನಿಲ್ಲುತ್ತದೆಯೇ ಎಂದು ನೋಡಬೇಕು. ಆ ಓದನ್ನು, ಪ್ರತಿ ವಾಲ್ವ್ ಯಾವ ಮನೆಯ ಗೋಡೆಯಿಂದ ಎಷ್ಟು ಅಡಿ ದೂರದಲ್ಲಿದೆ ಎಂಬ ನಕ್ಷೆಯನ್ನು ಅಂತಿಮ ಬಿಲ್ಲಿಗೆ ಲಗತ್ತಿಸಿದ ಮೇಲೆಯೇ ಹಣ ಬಿಡುಗಡೆಯಾಗಲಿ. ನಕ್ಷೆಯ ಒಂದು ಪ್ರತಿ ಕಚೇರಿಯ ಕಡತದಲ್ಲಿರಲಿ, ಇನ್ನೊಂದು ವಾಲ್ವ್ ತಿರುಗಿಸುವವರ ಕೈಯಲ್ಲಿರಲಿ.